ದನಗಳ ಮೇವಿಗೆ ಕಬ್ಬು ಮತ್ತು ಕಾಕಂಬಿ

ಬೇಸಗೆಯಲ್ಲಿ ಹುಲ್ಲು ಒಣಗಿ ದನಕರುಗಳು ಸೊರಗುವ ಕಾಲಕ್ಕೆ ಸರಿಯಾಗಿ ಕಬ್ಬಿನ ಸೀಮೆಯ ಗದ್ದೆಗಳಲ್ಲಿ ಸೋಗೆಯು ರಾಶಿ ರಾಶಿಯಾಗಿ ಬಿದ್ದಿರುವುದು. ಕಬ್ಬನ್ನೂ ಕಾಕಂಬಿಯನ್ನೂ ಯಥೇಚ್ಛವಾಗಿ ತಿನ್ನಿಸಿದರೆ ದನವು ತಾನಾಗಿಯೇ ಮೈತುಂಬುವುದೆಂದು ಹಲವರು ನಂಬಿರುವರು. ಈ ನಂಬಿಕೆಯು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ನಡೆದವರಿಗೆ ದನವನ್ನೇ ಕಳೆದುಕೊಳ್ಳುವ ಭಯವುಂಟು.

ಕ್ಯೂಬಾ ದ್ವೀಪದಲ್ಲಿಯೂ ಹುಲ್ಲು ಒಣಗುವ ಕಾಲವೇ ಕಬ್ಬು ಕಡಿಯುವ ಕಾಲ. ಅಲ್ಲಿ 1965ರಲ್ಲಿ ಸ್ಥಾಪಿತವಾದ ಪಶುವಿಜ್ಞಾನ ಸಂಸ್ಥೆಯಲ್ಲಿ ಪ್ರೆಸ್ಟನ್ ಎಂಬ ಬ್ರಿಟಿಷ್ ತಜ್ಞರೂ ಅವರ ಸಂಗಡಿಗರೂ ಮಾಂಸಕ್ಕಾಗಿ ಸಾಕುವ ದನಗಳನ್ನು ದೊಡ್ಡಿಯಲ್ಲಿಯೇ ಕೂಡಿ, ಕಾಕಂಬಿಯನ್ನೇ ಮುಖ್ಯ ಆಹಾರವಾಗಿ ಕೊಟ್ಟು ಪರೀಕ್ಷಿಸಿದರು. 100 ಕಿಲೋಗ್ರಾಂ ಕಾಕಂಬಿಗೆ ಸುಮಾರು 3 ಕಿಲೋಗ್ರಾಂ ಯೂರಿಯಾ ಬೆರೆಸಿ, ದನದ ತೂಕದ ಪ್ರತಿ 100 ಕಿಲೋಗ್ರಾಂಗೆ ದಿನಕ್ಕೆ ಒಂದೂವರೆ ಕಿಲೋಗ್ರಾಂನಷ್ಟು ಹಸುರು ಮೇವನ್ನೂ, ಸ್ವಲ್ಪ ಮೀನಿನ ಪುಡಿಯನ್ನೂ ಕೊಡುತ್ತಿದ್ದರು. ಉಸ್ತುವಾರಿಯು ಚೆನ್ನಾಗಿದ್ದಲ್ಲಿ ದನಗಳು ದಿನಕ್ಕೆ ಮುಕ್ಕಾಲು ಕಿಲೋಗ್ರಾಂಗೂ ಮೇಲ್ಪಟ್ಟು ತೂಗಿದವು.

ಈ ಫಲವು ಕಾಕಂಬಿಯೊಂದರಿಂದಲೇ ಬಂದುದಲ್ಲ. ಕಾಕಂಬಿಯಲ್ಲಿ ಸುಮಾರು ಅರ್ಧಭಾಗ ಸಕ್ಕರೆಯಿದ್ದರೂ, ಮಾಂಸಖಂಡವನ್ನು ಬೆಳೆಯಿಸುವ ಸಸಾರಜನಕವೂ ರಂಜಕವೂ ಅತ್ಯಲ್ಪ. ನಾರಂತೂ ಇಲ್ಲವೇ ಇಲ್ಲ. ಕಬ್ಬಿನಲ್ಲಿ ನಾರುಂಟು, ಆದರೆ ಅದು ಬೇಗ ಜೀರ್ಣವಾಗದು. ದನದ ದೊಡ್ಡಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಯೂರಿಯಾದಿಂದ ಸಾರಜನಕವೂ, ದನಕ್ಕೆ ನೇರವಾಗಿ ಮೀನಿನ ಪುಡಿಯಿಂದ ಸಸಾರಜನಕವೂ, ಮೆಲುಕಿಗೆ ಹಸುರು ಮೇವೂ ಒದಗಿದುದರಿಂದಲೇ ಸಕ್ಕರೆಯು ಮೈಗೆ ಹತ್ತಿತು.

ಹಸುರು ಮೇವು ಸಾಲದಾದಾಗ ಅಲ್ಲಿಯ ದನಗಳು ಜೊಲ್ಲು ಸುರಿಸಿ, ಕಣ್ಣು ಕಾಣದೆ, ಕುಡಿದವರಂತೆ ತೂರಾಡಿ ಬಿದ್ದವು. ಮಿದುಳಿಗೆ ಬೇಕಾದ ಪೋಷಣೆ ತಪ್ಪುವುದೇ ಈ ರೋಗದ ಮೂಲ. ಯೂರಿಯಾ ಹೆಚ್ಚಾದರಂತೂ ಅದು ವಿಷವಾಗಿ, ಕೆಲವೇ ಗಂಟೆಗಳಲ್ಲಿ ದನವು ಸಾಯುವುದು.

ನಮ್ಮ ರೈತರದು ಹಾಲಿನ ಹಸು, ಉಳುವ ಎತ್ತು. ಆದರೂ ಹೊಟ್ಟೆಯ ಧರ್ಮ ಒಂದೇ. ಆದಕಾರಣ ಕ್ಯೂಬಾದ ಪ್ರಮಾಣವನ್ನು ಇಲ್ಲಿ ಅನುಕರಿಸತಕ್ಕದ್ದಲ್ಲ. ಇಲ್ಲಿ ಕಾಕಂಬಿಯ ಬಹುಭಾಗವು ಮದ್ಯಸಾರದ ಕಾರ್ಖಾನೆಗಳಿಗೆ ಹೋಗುವುದರಿಂದ ಅದು ಅಗ್ಗವೂ ಅಲ್ಲ. ದೊರೆತಲ್ಲಿ ಬಲಿತ ದನಕ್ಕೆ ದಿನಕ್ಕೆ ಅರ್ಧದಿಂದ ಒಂದು ಕಿಲೋಗ್ರಾಂವರೆಗೆ, ಒಣಹುಲ್ಲಿನ ಮೇಲೆ ಚಿಮುಕಿಸಿ, ಹಿಂಡಿಯೊಡನೆ ಕೊಡುವುದು ಕ್ಷೇಮ. ಯೂರಿಯಾವನ್ನು ಪಶುವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿ ಬೆರೆಸಲೇಬಾರದು, ಎಳೆಗರುಗಳಿಗೆ ಕೊಡಲೇಬಾರದು. ಸೋಗೆಯನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಅದರಲ್ಲಿರುವ ಆಕ್ಸಲಿಕ್ ಆಮ್ಲವು ಮೈಯ ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ, ಸೋಗೆಯೊಂದನ್ನೇ ಬಹುಕಾಲ ತಿನ್ನಿಸದೆ, ಸುಣ್ಣದ ತಿಳಿನೀರನ್ನು ಚಿಮುಕಿಸಿ ಬೇರೆ ಮೇವಿನೊಡನೆ ಕೊಡುವುದು ಉತ್ತಮ.

ಕಬ್ಬಿಗೆ ಎಕರೆಗಟ್ಟಲೆ ನೀರು ಹಾಯಿಸುವ ಜಮೀನುದಾರರು ಅದರ ಮಗ್ಗುಲಲ್ಲಿ ಕೆಲವು ಗುಂಟೆ ಕುದುರೆಮಸಾಲೆಯನ್ನೋ ಅಲಸಂದೆಯನ್ನೋ ಬೆಳೆಯುವುದು ಕಷ್ಟವಲ್ಲ. ಕಬ್ಬಿನಲ್ಲಿಲ್ಲದ ಸಸಾರಜನಕವನ್ನು ಈ ಮೇವು ಒದಗಿಸುವುದು. ಊರಿನ ಮುಖಂಡರು ತಮ್ಮ ಗದ್ದೆಯ ಸೋಗೆಗೆ ಬೆಂಕಿಯಿಡುವುದನ್ನು ಬಿಟ್ಟು ಮೊದಲು ಈ ಪದ್ಧತಿಯನ್ನು ಹಿಡಿದರೆ ಉಳಿದವರು ಅನುಸರಿಸುವರು. ಸಿಹಿಯು ದನಕ್ಕೆ ಶಕ್ತಿ ಕೊಟ್ಟೀತು. ಮೈ ಕಟ್ಟಲು ಹಸುರೂ ಹಿಂಡಿಯೂ ಬೇಕು.