ರಾಮನ ಉತ್ತರ ಎಲ್ಲಿ ಹೋಯಿತು?

ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ತಾಳಮದ್ದಲೆ ನಡೆದರೆ ಮರುದಿನವೇ ಅದರ ತುಣುಕುಗಳು ಮೊಬೈಲಿಗೆ ಬರುತ್ತವೆ. ‘ವಾಲಿವಧೆ’ಯಾದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆಂದು ವಾಲಿ ಗರ್ಜಿಸುವ ಅರ್ಧ ನಿಮಿಷ; ಹಿನ್ನೆಲೆಗೆ ಯಾವುದೋ ಸಿನಿಮಾ ಸಂಗೀತ. ರಾಮನ ಉತ್ತರಕ್ಕೆ ಕತ್ತರಿ! ಭಾಗವತರ ಪದ್ಯವಿಲ್ಲ, ಅರ್ಥಧಾರಿಯ ಹೆಸರೂ ಇಲ್ಲ. ಇದನ್ನು ನಾನು ಸಂಕಲನವೆನ್ನಲಾರೆ. ಪ್ರತಿವಾದವೇ ಪ್ರಾಣವಾದ ಕಲೆಯಲ್ಲಿ ಒಂದೇ ಪಕ್ಷವನ್ನು ಕೇಳಿಸುವುದು ವಂಚನೆ. (ನಮ್ಮ ಕಚೇರಿಯಲ್ಲಿ ಕಡತದಿಂದ ಅರ್ಧ ಟಿಪ್ಪಣಿ ಕಿತ್ತು ಮೇಲಕ್ಕೆ ಕಳುಹಿಸಿದವನಿಗೆ ಮೆಮೊ ಖಚಿತ.)

ಸಲಕರಣೆಯ ನೆಪ ಬೇಡ. ಕೆಡೆನ್‌ಲೈವ್ ಉಚಿತ, ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿಯಿದೆ. ದೃಢೀಕರಿಸಿದ ಖಾತೆಯಿದ್ದರೆ ಯೂಟ್ಯೂಬ್ 12 ಗಂಟೆಯ ವಿಡಿಯೊವನ್ನೂ ಸ್ವೀಕರಿಸುತ್ತದೆ. ಹವ್ಯಾಸಿ ಗೆಳೆಯರೇ, ಅರ್ಧ ನಿಮಿಷವನ್ನು ಹಂಚಬೇಡಿರೆನ್ನುವುದಿಲ್ಲ. ಅದರ ಕೆಳಗೆ ಪೂರ್ಣ ಪ್ರಸಂಗದ ಕೊಂಡಿ, ಕಲಾವಿದರ ಹೆಸರು, ದಿನಾಂಕ ಇರಲಿ.