ಗಣಕಯಂತ್ರದ ಕೀಲಿಕೈ ಒಬ್ಬರ ಬಳಿಯೇ ಇರಬೇಕೆ?

ಪರವಾನಗಿ ಶುಲ್ಕವಿಲ್ಲವೆಂಬ ಕಾರಣದಿಂದ ಅನೇಕ ಸಣ್ಣ ಉದ್ದಿಮೆಗಳು ಲಿನಕ್ಸ್ ಗಣಕಯಂತ್ರಗಳನ್ನು ಬಳಸುತ್ತಿವೆ. ಶುಲ್ಕವಿಲ್ಲವೆಂದ ಮಾತ್ರಕ್ಕೆ ಜವಾಬ್ದಾರಿಯೂ ಇಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ.

ಉಬುಂಟುವಿನಲ್ಲಿ ‘ರೂಟ್’ ಎಂಬ ಪರಮಾಧಿಕಾರದ ಖಾತೆಯು ಆರಂಭದಿಂದಲೇ ಮುಚ್ಚಿರುತ್ತದೆ. ‘ಸುಡೊ’ ಗುಂಪಿಗೆ ಸೇರಿದವರಿಗೆ ಮಾತ್ರ ಆಡಳಿತಾಧಿಕಾರ ದೊರೆಯುತ್ತದೆ. ಸಾಮಾನ್ಯವಾಗಿ ಸಣ್ಣ ಸಂಸ್ಥೆಗಳಲ್ಲಿ ಈ ಗುಂಪಿನಲ್ಲಿರುವವರು ಒಬ್ಬರೇ. ಅವರ ಅಧಿಕಾರ ಕೈತಪ್ಪಲು ಒಂದು ಅಕ್ಷರ ಸಾಕು. ಮುದ್ರಣಯಂತ್ರದ ನಿರ್ವಹಣೆಗೆಂದು ತಮ್ಮನ್ನು ಹೊಸ ಗುಂಪಿಗೆ ಸೇರಿಸಿಕೊಳ್ಳುವಾಗ ‘ಯೂಸರ್‌ಮಾಡ್’ ಆದೇಶದಲ್ಲಿ ದೊಡ್ಡಕ್ಷರದ ‘ಜಿ’ಯ ಜೊತೆಗೆ ಸಣ್ಣಕ್ಷರದ ‘ಎ’ಯನ್ನು ಬರೆಯಲು ಮರೆತರೆ, ಹಳೆಯ ಹೆಚ್ಚುವರಿ ಗುಂಪುಗಳೆಲ್ಲವೂ ಸುಡೊ ಸಹಿತ ರದ್ದಾಗುತ್ತವೆ. ಮುಂದಿನ ಬಾರಿ ಲಾಗಿನ್ ಆದಾಗಲೇ ಪ್ರಮಾದವು ಅರಿವಿಗೆ ಬರುತ್ತದೆ.

ತಿಂಗಳ 20ರ ಜಿಎಸ್‌ಟಿ ರಿಟರ್ನ್ ಗಡುವು ಸಮೀಪಿಸಿರುವಾಗ ಹೀಗಾದರೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿಬಿಡುವ ಸಲಹೆ ಬರುವುದುಂಟು. ಇದು ಕೀಲಿ ಕಳೆಯಿತೆಂದು ತಿಜೋರಿಯನ್ನೇ ಸುಟ್ಟಂತೆ. ಕಳೆದಿರುವುದು ಅಧಿಕಾರವೇ ಹೊರತು ಲೆಕ್ಕಪತ್ರಗಳಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕೆಂಬುದನ್ನು ಮರೆಯಬಾರದು.

ಪರಿಹಾರವು ಸರಳವಾಗಿದೆ. ಯಂತ್ರವನ್ನು ಮರುಚಾಲನೆ ಮಾಡಿ, ‘ಗ್ರಬ್’ ಪಟ್ಟಿಯಲ್ಲಿ ರಿಕವರಿ ಮೋಡ್ ಆರಿಸಿ, ಅಲ್ಲಿಂದ ರೂಟ್ ಶೆಲ್ ಪ್ರವೇಶಿಸಬೇಕು. ಡಿಸ್ಕ್ ಆಗ ಓದಲು ಮಾತ್ರ ತೆರೆದಿದ್ದರೆ ಅದನ್ನು ಬರೆಯಲೂ ಬರುವಂತೆ ಮರುಜೋಡಿಸಿ, ಅದೇ ಆದೇಶವನ್ನು ಈ ಬಾರಿ ‘ಎ’ ಸಹಿತ ನೀಡಿ, ಬಳಕೆದಾರರನ್ನು ಸುಡೊ ಗುಂಪಿಗೆ ಮರಳಿ ಸೇರಿಸಿದರಾಯಿತು. ಕಡತಗಳಿಗೆ ಧಕ್ಕೆಯಾಗುವುದಿಲ್ಲ.

ಆದರೆ ಇಲ್ಲಿಯೇ ಎಚ್ಚರಿಕೆಯೂ ಅಗತ್ಯ. ಸಂಸ್ಥೆಯ ನೌಕರರಿಗೆ ತೆರೆಯುವ ಈ ಬಾಗಿಲು ಯಂತ್ರದ ಮುಂದೆ ಕುಳಿತ ಯಾರಿಗಾದರೂ ತೆರೆಯಬಲ್ಲದು. ಆಡಳಿತಾಧಿಕಾರ ಪಡೆದವರು ಯಂತ್ರದ ದಿನಾಂಕವನ್ನೂ ಕಡತಗಳನ್ನೂ ಬದಲಿಸಬಲ್ಲರು. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಾಗ, ಇದನ್ನು ಕೇವಲ ತಾಂತ್ರಿಕ ವಿಷಯವೆಂದು ಬದಿಗಿರಿಸಲಾಗದು. ಇದು ಆಂತರಿಕ ನಿಯಂತ್ರಣದ ಪ್ರಶ್ನೆ.

ಆದುದರಿಂದ ಮಾಲೀಕರು ಕೆಲವು ಏರ್ಪಾಡುಗಳನ್ನು ಮಾಡಿಕೊಳ್ಳುವುದು ಒಳಿತು. ನಿತ್ಯ ಬಳಸದ ಎರಡನೆಯ ಆಡಳಿತ ಖಾತೆಯೊಂದನ್ನು ತೆರೆದು, ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಮ್ಮ ಸುಪರ್ದಿನಲ್ಲಿಡಬೇಕು. ಸರ್ವರ್ ಇರುವ ಕೋಣೆಗೆ ಬೀಗವಿರಬೇಕು. ಡಿಸ್ಕನ್ನು ಗೂಢಲಿಪೀಕರಿಸಿ, ಆ ಗುಪ್ತಪದವನ್ನೂ ಅದೇ ಲಕೋಟೆಗೆ ಸೇರಿಸಬೇಕು. ಬ್ಯಾಕಪ್ ಪ್ರತಿಯು ಬೇರೊಂದು ಸ್ಥಳದಲ್ಲಿರಬೇಕು. ಅಧಿಕಾರ ಮರಳಿ ಪಡೆಯುವ ಕ್ರಮವನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ಪರೀಕ್ಷಿಸಿ ನೋಡಬೇಕು.

ಅಂಗಡಿಯ ಬೀಗಕ್ಕೆ ಎರಡನೆಯ ಕೀಲಿಯನ್ನು ಮನೆಯಲ್ಲಿರಿಸದ ವ್ಯಾಪಾರಸ್ಥರು ವಿರಳ. ಲೆಕ್ಕಪತ್ರಗಳೆಲ್ಲವೂ ಯಂತ್ರದೊಳಗೆ ಸೇರಿರುವಾಗ ಅದೇ ವಿವೇಕವು ಅಲ್ಲಿಯೂ ಸಲ್ಲಬೇಕು.