ಬಾಡಿಗೆಯ ಕುಂಚ, ಸ್ವಂತ ಚಿತ್ರ

ಫೋಟೋಶಾಪ್, ಇನ್‌ಡಿಸೈನ್‌ಗಳ ಹೊಸ ಆವೃತ್ತಿ ಇನ್ನು ಚಂದಾದಾರರಿಗೆ ಮಾತ್ರ ಎಂದು ಅಡೋಬಿ ಕಂಪನಿ 2013ರಲ್ಲಿ ಘೋಷಿಸಿದಂದಿನಿಂದ ವಿನ್ಯಾಸಕಾರರ ಕೈಯ ಉಪಕರಣ ಬಾಡಿಗೆಯದ್ದಾಗಿದೆ. ಕಂತು ನಿಂತರೆ ತಂತ್ರಾಂಶವೂ ನಿಂತಿತು. ಕಡತ ನಿಮ್ಮದೇ, ಬೀಗದಕೈ ಮಾತ್ರ ಇನ್ನೊಬ್ಬರದು. ಸಾಲದ್ದಕ್ಕೆ ‘ತಿಂಗಳಿಗೆ ಇಷ್ಟೇ’ ಎಂಬ ದರದ ಹಿಂದೆ ಎಷ್ಟೋ ಸಲ ವರ್ಷದ ಕರಾರು ಅಡಗಿರುತ್ತದೆ, ನಡುವೆ ಬಿಟ್ಟರೆ ದಂಡ. ಈ ದಂಡದ ವಿಷಯವನ್ನು ಗ್ರಾಹಕರಿಂದ ಮರೆಮಾಚಲಾಗಿದೆ ಎಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅಡೋಬಿ ಮೇಲೆ ದಾವೆ ಹೂಡಿತು.

ಹಾಗೆಂದು ಹೊಸತು ಬೇಡವೇ ಬೇಡ ಎನ್ನುವುದೂ ಜಾಣತನವಲ್ಲ. 2001ರ ಪೇಜ್‌ಮೇಕರ್ 7ಕ್ಕೇ ಅಂಟಿಕೊಂಡ ನಮ್ಮ ಡಿಟಿಪಿ ಅಂಗಡಿಗಳನ್ನು ನೋಡಿ: ಯುನಿಕೋಡ್ ಕನ್ನಡ ಅಲ್ಲಿ ಕೂರುವುದಿಲ್ಲ, ಬರಹವನ್ನು ಪರಿವರ್ತಕದಲ್ಲಿ ಹಾಯಿಸಬೇಕು, ಒತ್ತಕ್ಷರ ಕೆಟ್ಟರೆ ಮತ್ತೆ ಕರಡು ತಿದ್ದಬೇಕು. ಚಂದಾ ಇದ್ದರೆ ಭದ್ರತೆ, ಹೊಸ ಸೌಲಭ್ಯ ತಾನಾಗಿ ಬರುತ್ತವೆ ಎಂಬ ವಾದವೂ ನಿಜವೇ. ದಿನವಿಡೀ ದುಡಿಯುವವರಿಗೆ ಅದು ಗಿಟ್ಟುತ್ತದೆ; ವರ್ಷಕ್ಕೆ ನಾಲ್ಕು ಮುಖಪುಟ ಮಾಡುವವರಿಗೆ ಗಿಟ್ಟದು. ಅಂಥವರಿಗೆ ಕ್ರಿತಾ, ಇಂಕ್‌ಸ್ಕೇಪ್, ಸ್ಕ್ರೈಬಸ್ ಪುಕ್ಕಟೆಯಾಗಿ ಸಿಗುತ್ತವೆ. ಯಾವುದನ್ನೇ ಬಳಸಿ, ಪುಸ್ತಕ ಅಚ್ಚಿಗೆ ಹೋಗುವ ವಾರ ಅಪ್‌ಗ್ರೇಡ್ ಒತ್ತಬೇಡಿ. ಮುಗಿದ ಕೆಲಸದ ಪಿಡಿಎಫ್, ಟಿಫ್ ಪ್ರತಿಗಳನ್ನು ಚಂದಾ ಮುಗಿಯುವ ಮೊದಲೇ ತೆಗೆದಿಡಿ.